ಎದೆಗೆ ಎರಡು ದಾರಿ

ಕೇದಾರ ಘಾಟ್, ವಾರಾಣಸಿ
12 ನವೆಂಬರ್ 2006

ಸೌ. ವಸುಮತಿಬಾಯಿಯವರಿಗೆ ಕಾತ್ಯಾಯನಿಯ ನಮಸ್ಕಾರ.

ನಿಮ್ಮ ಸೊಸೆ ಹರ್ಷಿತಾ ಸುಖವಾಗಿ ಬಂದು ತಲುಪಿದಳು. ಸುಖವಾಗಿ ಅಂತ ಬರೆದೆ, ಆದರೆ ಗಾಡಿ ತಡ, ಸ್ಟೇಷನ್ನಿನಲ್ಲಿ ಕೂಡಲಾರದೆ ಆ ತುದಿಯಿಂದ ಈ ತುದಿಗೆ ತಿರುಗುತ್ತಲೇ ಇದ್ದೆ. ಇವರು "ಹಳಿ ಮ್ಯಾಲ ಬರೋದು ಎಲ್ಲಿ ಹೋಗ್ತದ? ಬಂದೇ ಬರ್ತದ, ಕೂಡು" ಅಂತ ನಕ್ಕರು. ಇವರಿಗೆ ಎಲ್ಲದಕ್ಕೂ ನಗು. ಘಾಟಿನಲ್ಲಿ ಯಾತ್ರಿಕರಿಗೆ ಸಂಕಲ್ಪ ಹೇಳಿಸಿ ಹೇಳಿಸಿ ಲೋಕದ ಕಷ್ಟವೆಲ್ಲ ಬೇರೆಯವರದೇ ಅನ್ನಿಸಿಬಿಟ್ಟಿದೆ.

ಫೋನಿನಲ್ಲಿ ನಿಮಗೆ ಸರಿಯಾಗಿ ಕೇಳಿಸುವುದಿಲ್ಲ ಎಂದು ಅಳಿಯಂದಿರು ಹೇಳಿದರು. ನನಗೂ ಫೋನು ಕಿವಿಗೆ ಹಿಡಿದರೆ ಹೇಳಬೇಕಾದದ್ದು ಮರೆತು ಹೋಗುತ್ತದೆ. ಅದಕ್ಕೇ ಕಾಗದ. ನಾನು ಆರನೇ ಇಯತ್ತೆ ಮುಗಿಸದೆ ಶಾಲೆ ಬಿಟ್ಟವಳು, ಅದರಲ್ಲೂ ಒಂದು ವರ್ಷ ತಂಗಿಯನ್ನು ಎತ್ತಿಕೊಂಡು ಮನೆಯಲ್ಲೇ ಇದ್ದೆ. ನೀವು ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದವರು. ನನ್ನ ಕಾಗದಕ್ಕೆ ಕೆಂಪು ಶಾಯಿ ಹಾಕಬೇಡಿ.

ನೀವು ಕಳಿಸಿದ ಜೇನಿನ ಬಾಟಲಿ ಒಡೆಯದೆ ಬಂದಿದೆ. ಬಂಗಾರದ ಉಂಗುರವನ್ನು ದೇವರ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಹುಡುಗಿಯ ಹೊಟ್ಟೆ ಏಳು ತಿಂಗಳಿಗೆ ತುಂಬಾ ದೊಡ್ಡದು ಅನ್ನಿಸುತ್ತದೆ. ಪಾದ ಊದಿದೆ. ನಿಮ್ಮಲ್ಲಿದ್ದಾಗಲೂ ಹೀಗೇ ಇತ್ತೇ? ನಾನು ಕೇಳಿದ್ದನ್ನು ಅವಳಿಗೆ ಹೇಳಬೇಡಿ.

ಕಾತ್ಯಾಯನಿ


ಕೇಶ್ವಾಪುರ, ಹುಬ್ಬಳ್ಳಿ
22 ನವೆಂಬರ್ 2006

ಸೌ. ಕಾತ್ಯಾಯನಿಬಾಯಿಯವರಿಗೆ,

ಕಾಗದ ಮುಟ್ಟಿತು. ಅಕ್ಷರ ಚೆನ್ನಾಗಿಯೇ ಇದೆ, ಚಿಂತೆಯೇ ಹೆಚ್ಚಾಯಿತು. ಮೊದಲ ಬಸಿರು ಎಲ್ಲರಿಗೂ ದೊಡ್ಡದಾಗಿಯೇ ಕಾಣುತ್ತದೆ. ರಾತ್ರಿ ಕಾಲಿನ ಕೆಳಗೆ ದಿಂಬು ಇಡಿ.

ಜೇನಿನ ವಿಷಯ ನೆನಪಿರಲಿ. ಮಗು ಹುಟ್ಟಿದ ಕೂಡಲೇ ನಿಮ್ಮ ಮನೆಯ ಆಚಾರ್ಯರೇ, ಅದರ ಅಜ್ಜನೇ, ಉಂಗುರವನ್ನು ಜೇನು ತುಪ್ಪದಲ್ಲಿ ಅದ್ದಿ ನಾಲಿಗೆಗೆ ಮುಟ್ಟಿಸಬೇಕು. ನಮ್ಮ ಮನೆಯಲ್ಲಿ ಆ ಉಂಗುರ ತಾಕದ ನಾಲಿಗೆಯಿಲ್ಲ. ನಮ್ಮ ರಾಯರಿಗೂ ಅದೇ, ನನ್ನ ಎರಡೂ ಬಾಣಂತನದಲ್ಲೂ ಅದೇ.

ಹೆರಿಗೆಯ ಹೊತ್ತಿಗೆ ನಿಮ್ಮ ಅಳಿಯ ಗುರುಕಿರಣ ರೈಲ್ವೆಯಲ್ಲಿ ರಜೆ ಹಾಕಿ ಬರುತ್ತಾನೆ. ರಾಯರನ್ನು ಬಿಟ್ಟು ನಾನು ಬರುವಂತಿಲ್ಲ, ಅವರಿಗೆ ಊಟ ಕಲಸಿ ಕೊಡುವುದೂ ನಾನೇ. ಧೈರ್ಯವಾಗಿರಿ.

ವಸುಮತಿ


ಕೇದಾರ ಘಾಟ್
4 ಡಿಸೆಂಬರ್ 2006

ವಸುಮತಿಬಾಯಿಯವರಿಗೆ,

ಮೊದಲೇ ಹೇಳಿಬಿಡುತ್ತೇನೆ, ತಾಯಿ, ಹೊಟ್ಟೆಯಲ್ಲಿನ ಕೂಸು ಇಬ್ಬರೂ ಇದ್ದಾರೆ. ಆಮೇಲೆ ಓದಿ.

ಹೊಟ್ಟೆ ದೊಡ್ಡದು ಅಂತ ನಾನು ಅಂದದ್ದು ಸುಮ್ಮನೆ ಅಲ್ಲ. ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಸ್ಕ್ಯಾನ್ ಮಾಡುವವರು ಒಂದೇ ಜಾಗದಲ್ಲಿ ಯಂತ್ರ ಒತ್ತಿ ಒತ್ತಿ ನೋಡಿದರು. ಒಬ್ಬರು ನೋಡಿ ಇನ್ನೊಬ್ಬರನ್ನು ಕರೆದರು.

ಒಳಗೆ ನೀರು ಹೆಚ್ಚಾಗಿದೆಯಂತೆ. ಹೊಟ್ಟೆಯಲ್ಲಿರುವ ಕೂಸು ಆ ನೀರು ಕುಡಿಯುತ್ತಿರಬೇಕಂತೆ. ಕುಡಿದರೆ ಅದರ ಹೊಟ್ಟೆ ಪರದೆಯ ಮೇಲೆ ಕರೀ ಗುಳ್ಳೆಯ ಹಾಗೆ ಕಾಣುತ್ತದೆ. ನಮ್ಮ ಕೂಸಿಗೆ ಅಲ್ಲಿ ಕಂಡೂ ಕಾಣದ ಒಂದು ಚುಕ್ಕೆ. ಅನ್ನ ಇಳಿಯುವ ನಾಳ ನಡುವೆಯೇ ಚೀಲದ ಹಾಗೆ ನಿಂತುಹೋಗಿರಬಹುದು, ಕೆಳಗಿನ ತುಂಡು ಉಸಿರಿನ ಕೊಳವೆಗೆ ಅಂಟಿಕೊಂಡಿರಬಹುದು ಎಂದರು. ಖಾತ್ರಿಯಿಲ್ಲ. ಹುಟ್ಟಿದ ಮೇಲೆ ಬಾಯಿಂದ ನಳಿಕೆ ಬಿಟ್ಟು ನೋಡಬೇಕು. ಅಂಥ ಮಗುವಿನ ಬಾಯಿ ತುಂಬ ನೊರೆ ಬರುತ್ತದಂತೆ. ಹಾಲು ಕೊಟ್ಟರೆ ಹೊಟ್ಟೆಗೆ ಹೋಗದೆ ಉಸಿರಿಗೆ ಹೋಗಿ ಕೆಮ್ಮಿ ನೀಲಿಯಾಗುತ್ತದಂತೆ. ಮೊದಲೆಲ್ಲ ಇದು ಗೊತ್ತಾಗದೆ ಎಷ್ಟೋ ಮಕ್ಕಳು ಹಾಲು ಕುಡಿಯುತ್ತಲೇ ಹೋಗಿಬಿಡುತ್ತಿದ್ದವು ಅಂದರು.

ಈಗ ಆಪರೇಷನ್ ಇದೆ. ಹುಟ್ಟಿದ ಎಳೆಗೂಸಿನ ಎದೆಗೇ. ಅದಕ್ಕೆ ಎರಡು ದಾರಿಯಂತೆ. ಒಂದು, ಕಂಕುಳ ಕೆಳಗೆ ಕೊಯ್ದು ಪಕ್ಕೆಲುಬು ಸರಿಸಿ ಕೈಯಿಂದ ಜೋಡಿಸುವುದು. ಇನ್ನೊಂದು, ಸಣ್ಣ ತೂತು ಹಾಕಿ ದುರ್ಬೀನು ಬಿಟ್ಟು ಟಿವಿ ನೋಡುತ್ತ ಜೋಡಿಸುವುದು. ಯಾವುದು ಬೇಕು ಯೋಚಿಸಿ ಎಂದರು. ನನ್ನನ್ನು! ನಾನು ಏನು ಯೋಚಿಸಲಿ?

ಅಳಿಯಂದಿರಿಗೆ ಫೋನಿನಲ್ಲಿ ಹೇಳಿದ್ದೇವೆ. ಹರ್ಷಿತಾಗೆ ಅರ್ಧ ಹೇಳಿದೆ, ಉಳಿದರ್ಧ ಅವಳೇ ನನ್ನ ಮುಖ ನೋಡಿ ತಿಳಿದುಕೊಂಡಳು. ನೀವು ಓದಿದವರು. ಬೇಗ ಬರೆಯಿರಿ.

ಕಾತ್ಯಾಯನಿ

ಮತ್ತೆ: ಎರಡೂ ಬಾಣಂತನ ಎಂದು ಬರೆದಿದ್ದಿರಿ. ಅಳಿಯಂದಿರು ಒಬ್ಬರೇ ಮಗ ಅಲ್ಲವೇ?


ಕೇದಾರ ಘಾಟ್
28 ಡಿಸೆಂಬರ್ 2006

ವಸುಮತಿಬಾಯಿಯವರಿಗೆ,

ನಿಮ್ಮ ಉತ್ತರವಿಲ್ಲ. ಪೋಸ್ಟಿನವನು ಗಲ್ಲಿಗೆ ಬಂದರೆ ನಾನು ಮೆಟ್ಟಿಲಿಳಿದು ನಿಲ್ಲುತ್ತೇನೆ. ಅವನೇ ಈಗ ದೂರದಿಂದ ಕೈಯಾಡಿಸಿ "ಆಜ್ ಭೀ ನಹೀಂ, ಮಾಜೀ" ಅನ್ನುತ್ತಾನೆ. ಅಳಿಯಂದಿರನ್ನು ಕೇಳಿದರೆ "ಅವ್ವ ಆರಾಮ ಇದ್ದಾಳ್ರೀ, ಬರೀತಾಳ" ಅನ್ನುತ್ತಾರೆ.

ಇಂಥ ಕೂಸನ್ನು ಹೊತ್ತಳು ಎಂದು ನನ್ನ ಮಗಳ ಮೇಲೆ ನಿಮಗೆ ಬೇಸರವಾಗಿದ್ದರೆ ನೇರ ಬರೆದುಬಿಡಿ. ಅವಳ ತಪ್ಪೇನೂ ಇಲ್ಲ. ನಾನು ಡಾಕ್ಟರನ್ನೇ ಕೇಳಿದೆ. ಮನೆತನದಿಂದ ಬರುವುದು ಬಹಳ ಅಪರೂಪವಂತೆ. ತಿಂದದ್ದಕ್ಕೂ ಅಲ್ಲ, ಗ್ರಹಣಕ್ಕೂ ಅಲ್ಲ. ನಿಮ್ಮ ಮನೆಯವರು ಏನೇ ಅಂದರೂ ಈ ಮಗು ಬದುಕಬೇಕು. ನಾನು ಅದಕ್ಕೆ ಬೇಕಾದ್ದು ಮಾಡಿಯೇ ಮಾಡುತ್ತೇನೆ. ಸಿಟ್ಟಾಗಬೇಡಿ.

ನೀವು ಬರೆಯಲಿಲ್ಲವಾದ್ದರಿಂದ ನಾನೇ ಹೋಗಿ ಕೇಳುತ್ತಿದ್ದೇನೆ. ದೊಡ್ಡ ಡಾಕ್ಟರು ತಲೆ ನರೆತವರು, ಕೊಯ್ದು ಮಾಡುವವರು. ತೂತಿನ ಆಪರೇಷನ್ ಕಲಿತು ಬಂದವರು ನಿಗಮ್ ಮೇಡಂ ಎನ್ನುವ ಚಿಕ್ಕ ವಯಸ್ಸಿನವರು, ಅವರ ಕೈಕೆಳಗೇ ಇದ್ದಾರೆ. ನಾನು ಬಾಗಿಲಲ್ಲಿ ಕಂಡರೆ ದೊಡ್ಡ ಡಾಕ್ಟರು "ಬನ್ನಿ ಮಾಜೀ, ಇವತ್ತು ಆಪರೇಷನ್ ನೀವು ಮಾಡ್ತೀರೋ ನಾನು ಮಾಡಲೋ?" ಎಂದು ಛೇಡಿಸುತ್ತಾರೆ. ಛೇಡಿಸಲಿ. ಉತ್ತರ ಕೊಟ್ಟರೆ ಸಾಕು.

ಎಷ್ಟು ದೊಡ್ಡ ಗಾಯ ಎಂದು ಕೇಳಿದೆ. ಪೆನ್ನು ತೆಗೆದು ತಮ್ಮ ಬಿಳೀ ಅಂಗಿಯ ಮೇಲೇ, ಬಲಗಂಕುಳ ಕೆಳಗೆ ಗೆರೆ ಎಳೆದು ತೋರಿಸಿದರು. "ಕೂಸಿಗೆ ಇದರ ಕಾಲು ಭಾಗ. ಎದೆ ತೆರೆದರೆ ಎಲ್ಲ ಕಣ್ಣೆದುರು, ಬೇಗ ಮುಗಿಯುತ್ತದೆ. ಆದರೆ ಬೆಳೆಯುವಾಗ ಕೆಲವರಿಗೆ ಭುಜ ವಾಲಬಹುದು, ಬೆನ್ನು ಡೊಂಕಾಗಬಹುದು. ನೋಡುತ್ತಾ ಇರಬೇಕು."

ನಿಗಮ್ ಮೇಡಂ ಹೇಳಿದ್ದು: ಅವರ ದಾರಿಯಲ್ಲಿ ಮೂರು ತೂತು, ಪೆನ್ಸಿಲ್ಲಿನಷ್ಟೂ ದಪ್ಪವಿಲ್ಲ. ಗುರುತು ಉಳಿಯುವುದು ಕಡಿಮೆ, ಪಕ್ಕೆಲುಬು ಸರಿಸುವುದಿಲ್ಲ. ಆದರೆ ಎದೆಯೊಳಗೆ ಜಾಗ ಮಾಡಲು ಗಾಳಿ ತುಂಬಬೇಕು, ಒಂದು ಕಡೆಯ ಶ್ವಾಸಕೋಶ ಮುದುಡಬೇಕು. ಹೊತ್ತು ಹೆಚ್ಚು. ಆ ಗಾಳಿ ರಕ್ತಕ್ಕೆ ಸೇರುತ್ತದೆ, ಎಳೆಗೂಸಿಗೆ ತಡೆದುಕೊಳ್ಳುವ ಶಕ್ತಿ ಬೇಕು. "ಶ್ವಾಸಕೋಶ ಚೊಕ್ಕವಾಗಿದ್ದರೆ ಮಾತ್ರ ನಾನು ಮುಟ್ಟುತ್ತೇನೆ" ಎಂದರು.

ಎರಡರಲ್ಲಿ ಯಾವುದು ಒಳ್ಳೆಯದು ಅಂತ ಇಬ್ಬರನ್ನೂ ಒಟ್ಟಿಗೇ ನಿಲ್ಲಿಸಿ ಕೇಳಿದೆ. ದೊಡ್ಡ ಡಾಕ್ಟರು ಆಗ ನಗಲಿಲ್ಲ. "ಸತ್ಯ ಹೇಳಲೇ? ಇಷ್ಟು ಎಳೆಯ ಮಕ್ಕಳಲ್ಲಿ ಎರಡನ್ನೂ ಸರಿಯಾಗಿ ಹೋಲಿಸಿ ನೋಡಿದವರು ಇನ್ನೂ ಇಲ್ಲ. ಒಳಗೆ ಮಾಡುವ ಕೆಲಸ ಒಂದೇ. ಖಾತ್ರಿ ಕೊಡುವವರನ್ನು ನಂಬಬೇಡಿ" ಎಂದರು. ನಿಗಮ್ ಮೇಡಂ ಹೌದೆಂದು ತಲೆಯಾಡಿಸಿದರು. ಹಾಗೆ ಹೇಳಿದ್ದಕ್ಕೇ ನನಗೆ ಇಬ್ಬರ ಮೇಲೂ ನಂಬಿಕೆ ಬಂತು.

ಮನೆಗೆ ಬಂದು ತಂಬಿಗೆಯೊಳಗೆ ಒಂದು ಹೂಬತ್ತಿ ಹಾಕಿ, ಎರಡು ಕಸಬರಿಗೆ ಕಡ್ಡಿಯಿಂದ ಗಂಟು ಹಾಕಲು ನೋಡಿದೆ. ಮಧ್ಯಾಹ್ನವೆಲ್ಲ ಹೋಯಿತು. ಗಂಟು ಬೀಳಲಿಲ್ಲ. ಇವರು ಇಣುಕಿ "ಏನ ಪೂಜಾನೋ ಇದು?" ಎಂದರು. ನನಗೆ ಅಳು ಬಂತು.

ಕಾತ್ಯಾಯನಿ


ಹುಬ್ಬಳ್ಳಿ
3 ಜನವರಿ 2007

ಕಾತ್ಯಾಯನಿಬಾಯಿಯವರಿಗೆ,

ತೂತಿನ ಆಪರೇಷನ್ ಮಾಡಿಸಿ. ಎದೆ ಕೊಯ್ಯಿಸಬೇಡಿ. ನನ್ನದು ಇದೊಂದೇ ಮಾತು.

ನಮ್ಮ ರಾಯರಿಗೆ ಚಿಕ್ಕಂದಿನಲ್ಲಿ ಎದೆ ತೆರೆದು ಆಪರೇಷನ್ ಆಗಿತ್ತು. ಮದುವೆಯಾಗಿ ಬಂದ ದಿನದಿಂದ ನೋಡುತ್ತಿದ್ದೇನೆ, ಒಂದು ಭುಜ ಇಳಿದೇ ಇದೆ. ದರ್ಜಿ ಎಷ್ಟು ಸರಿಯಾಗಿ ಹೊಲಿದರೂ ಅಂಗಿ ಒಂದು ಕಡೆ ಜೋಲುತ್ತದೆ. ಬೆತ್ತಲೆ ಮೈಯಲ್ಲಿ ಹೊರಗೆ ಬಂದವರಲ್ಲ, ಸಂಧ್ಯಾವಂದನೆಗೂ ಶಲ್ಯ ಹೊದ್ದೇ ಕೂಡುತ್ತಾರೆ. ಹೆಣ್ಣು ಹುಟ್ಟಿದರೆ ಅದರ ಗತಿ ಏನು?

ಸೊಸೆಯ ಮೇಲೆ ನನಗೆ ಯಾವ ಬೇಸರವೂ ಇಲ್ಲ. ಅದನ್ನು ಇನ್ನೊಮ್ಮೆ ಬರೆಯಬೇಡಿ. ಬರೆಯಲು ಆಗಲಿಲ್ಲ, ಬರೆಯಲಿಲ್ಲ.

ಮಗುವಿನ ಬಾಯಿಗೆ ಏನೂ ಹೋಗದಂತೆ ನೋಡಿಕೊಳ್ಳಿ. ನಾನು ಕಳಿಸಿದ ಜೇನೂ ಬೇಡ.

ವಸುಮತಿ


ಕೇದಾರ ಘಾಟ್
14 ಜನವರಿ 2007

ವಸುಮತಿಬಾಯಿಯವರಿಗೆ ಸಂಕ್ರಾಂತಿಯ ಎಳ್ಳು ಬೆಲ್ಲ ಕಾಗದದಲ್ಲೇ.

ನಿಮ್ಮ ಮಾತಿನಂತೆಯೇ ಆಗಲಿ. ಹರ್ಷಿತಾಳೂ ಅದನ್ನೇ ಅಂದಳು, ಅಳಿಯಂದಿರೂ ಫೋನಿನಲ್ಲಿ ಅದನ್ನೇ ಅಂದರು. ನಿಗಮ್ ಮೇಡಂಗೆ ಹೇಳಿ ಬಂದಿದ್ದೇನೆ. ನನ್ನದೂ ಒಂದು ಕರಾರು ಹಾಕಿದೆ. ಕಷ್ಟ ಎನ್ನಿಸಿದರೆ ಹಟ ಹಿಡಿಯಬಾರದು, ಅಲ್ಲಿಗೇ ನಿಲ್ಲಿಸಿ ದೊಡ್ಡ ಡಾಕ್ಟರಿಗೆ ಕೊಡಬೇಕು. ಅವರು ನನ್ನ ಕೈ ಹಿಡಿದುಕೊಂಡು "ಇದನ್ನು ನಾನು ಹೇಳಬೇಕಿತ್ತು, ನೀವೇ ಹೇಳಿಬಿಟ್ಟಿರಿ" ಎಂದರು.

ಮನೆಯಲ್ಲಿ ಎಲ್ಲರಿಗೂ ಕಟ್ಟುನಿಟ್ಟು ಮಾಡಿದ್ದೇನೆ. ಜೇನಿನ ಬಾಟಲಿ ಅಕ್ಕಿ ಡಬ್ಬಿಯ ತಳಕ್ಕೆ ಹೋಯಿತು. ಕೆಳಗಿನ ಮನೆಯ ತಾರಾದೇವಿ ಹುಟ್ಟಿದ ಮಕ್ಕಳಿಗೆಲ್ಲ ಬೆಲ್ಲದ ನೀರು ನೆಕ್ಕಿಸುವವಳು. "ಅರೇ ಬಹಿನ್, ಒಂದು ಬೆರಳು ನೆಕ್ಕಿಸಿದರೆ ಏನಾಗುತ್ತೆ? ನಿನಗೆ ಎಲ್ಲದಕ್ಕೂ ವಹಮ್, ಸುಮ್ಮನೆ ಸಂಶಯ" ಎಂದಳು. ಆಸ್ಪತ್ರೆ ಕಡೆ ಕಾಲಿಟ್ಟರೆ ನಿನ್ನ ಮನೆ ನೀರೂ ಮುಟ್ಟುವುದಿಲ್ಲ ಎಂದೆ. ನಾನು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ನನಗೇ ಗೊತ್ತಾಗಲಿಲ್ಲ. ಇವರಿಗೂ ದಿನಾ ಹೇಳುತ್ತೇನೆ. ಹಾಲಿಲ್ಲ, ಜೇನಿಲ್ಲ, ತುಪ್ಪವಿಲ್ಲ, ಸಕ್ಕರೆ ನೀರಿಲ್ಲ. "ಬಾಯಿಪಾಠ ಆಗ್ಯದ, ಪರೀಕ್ಷಾ ತಗೋ ಬೇಕಾದ್ರ" ಎಂದರು.

ಇನ್ನೇನಾದರೂ ಬಿಟ್ಟಿದ್ದೇನೆಯೇ? ಹಾಸಿಗೆಯಲ್ಲಿ ಮಲಗಿ ಎಣಿಸುತ್ತಲೇ ಇರುತ್ತೇನೆ.

ಕಾತ್ಯಾಯನಿ


ವಾರಾಣಸಿ
29 ಜನವರಿ 2007

ವಸುಮತಿಬಾಯಿಯವರಿಗೆ,

ಹೆಣ್ಣು ಮಗು. ಅಳಿಯಂದಿರು ಫೋನು ಮಾಡಿ ರಾಯರಿಗೆ ತಿಳಿಸಿದ್ದಾರೆ. ಹೊಟ್ಟೆಯಲ್ಲಿದ್ದಾಗ ಹೇಳಿದ ತೊಂದರೆಯೇ ನಿಜವಾಯಿತು. ನಿನ್ನೆ ಆಪರೇಷನ್ ಆಯಿತು. ದೊಡ್ಡ ಡಾಕ್ಟರೇ ಮಾಡಿದರು, ಕೊಯ್ದು. ತೂತಿನದು ಆಗಲಿಲ್ಲ. ನಾಳ ಜೋಡಿಸಿದ್ದಾರೆ. ಯಂತ್ರ ಉಸಿರಾಡಿಸುತ್ತಿದೆ.

ಹೆಚ್ಚು ಬರೆಯಲು ಕೈ ಬರುತ್ತಿಲ್ಲ.

ಕಾತ್ಯಾಯನಿ


ಹುಬ್ಬಳ್ಳಿ
6 ಫೆಬ್ರವರಿ 2007

ಕಾತ್ಯಾಯನಿಬಾಯಿಯವರಿಗೆ,

ಮಗು ಯಂತ್ರದಿಂದ ಹೊರಗೆ ಬಂದಿತೆಂದು ಗುರುಕಿರಣ ಹೇಳಿದ. ಹರಿ ದೊಡ್ಡವನು.

ಆದರೂ ಕೇಳಲೇಬೇಕು. ನಾನು ಕೇಳಿದ್ದು ಒಂದೇ ಮಾತು, ನೀವು ಒಪ್ಪಿ ಬರೆದಿದ್ದಿರಿ. ಕೊನೆಗೆ ಆಗಲಿಲ್ಲ ಎಂದು ಒಂದೇ ಒಂದು ಶಬ್ದ ಬರೆದು ಮುಗಿಸಿದಿರಿ. ಯಾಕೆ ಆಗಲಿಲ್ಲ? ಮಗನನ್ನು ಕೇಳಿದರೆ "ಡಾಕ್ಟರು ಹಂಗಂದ್ರು, ಬಿಡವ್ವ" ಅನ್ನುತ್ತಾನೆ. ಅವನು ಸುಳ್ಳು ಹೇಳುವಾಗ ದನಿ ಹೇಗಾಗುತ್ತದೆ ಎನ್ನುವುದು ನನ್ನ ಅರೆಗಿವುಡು ಕಿವಿಗೂ ಗೊತ್ತು. ತಂಬಿಗೆಯಲ್ಲಿ ನಿಮಗೆ ಗಂಟು ಬೀಳಲಿಲ್ಲವೆಂದು ಹೆದರಿ ಕಡೇ ಗಳಿಗೆಯಲ್ಲಿ ಹಳೇ ದಾರಿಗೆ ಹೋದಿರಿ, ಅಲ್ಲವೇ? ಆ ಹೆದರಿಕೆಯ ಗೆರೆಯನ್ನು ನನ್ನ ಮೊಮ್ಮಗಳು ಮೈಮೇಲೆ ಹೊತ್ತು ತಿರುಗಬೇಕು.

ವಸುಮತಿ


ಕೇದಾರ ಘಾಟ್
15 ಫೆಬ್ರವರಿ 2007

ವಸುಮತಿಬಾಯಿಯವರಿಗೆ,

ನಿಮ್ಮ ಕಾಗದ ಓದಿ ಮೊದಲು ಸಿಟ್ಟು ಬಂತು. ಆಮೇಲೆ ನೀವು ಕೇಳಿದ್ದು ನ್ಯಾಯ ಅನ್ನಿಸಿತು. ಅಳಿಯಂದಿರ ಮೇಲೆ ಕೋಪ ಮಾಡಬೇಡಿ. ಹೇಳಬೇಡಿ ಎಂದು ಅವರ ಬಾಯಿ ಕಟ್ಟಿದವಳು ನಾನು.

ಮಗು ಹುಟ್ಟಿದಾಗ ನಾನು ಒಳಗೆ ಹರ್ಷಿತಾಳ ತಲೆಯ ಹತ್ತಿರ ನಿಂತಿದ್ದೆ. ಕೂಸು ಅತ್ತಿತು, ಅಳು ಚೆನ್ನಾಗಿಯೇ ಇತ್ತು. ನಳಿಕೆ ಬಿಟ್ಟು ನೋಡುವ ಡಾಕ್ಟರು ಮೇಲಿನ ಮಹಡಿಯಲ್ಲಿದ್ದರು. ಅಲ್ಲಿಗೆ ಒಯ್ಯುವ ದಾರಿಯಲ್ಲಿ ಆಯಾ ಬಾಗಿಲ ಹೊರಗೆ ಒಂದು ನಿಮಿಷ ನಿಂತು ಇವರಿಗೂ ಅಳಿಯಂದಿರಿಗೂ ಮುಖ ತೋರಿಸಿದ್ದಾಳೆ. ಇವರು ಸ್ನಾನ ಮಾಡಿ ಮಡಿಯುಟ್ಟು, ಸಣ್ಣ ತಾಮ್ರದ ಗಿಂಡಿಯಲ್ಲಿ ಗಂಗೆ ತುಂಬಿಕೊಂಡು ನಿಂತಿದ್ದರು. ಉದ್ಧರಣೆಯಿಂದ ಒಂದು ಚಮಚದಷ್ಟು ಬಾಯಿಗೆ ಬಿಟ್ಟರು.

ಅಷ್ಟೇ. ಕೂಸು ಕೆಮ್ಮಿತು. ನಾನು ಹೊರಗೆ ಓಡಿ ಬರುವಷ್ಟರಲ್ಲಿ ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಆಯಾ "ಹೇ ರಾಮ್" ಎಂದು ಮೇಲಕ್ಕೆ ಓಡಿದಳು. ನಾನು ಗಿಂಡಿ ನೋಡಿದೆ, ಇವರ ಮುಖ ನೋಡಿದೆ.

"ಏನು ಮಾಡಿದ್ರಿ?"

"ತೀರ್ಥ, ಕಾತ್ಯಾಯನೀ. ಬರೇ ತೀರ್ಥ" ಎಂದರು. ಅವರಿಗೆ ಇನ್ನೂ ಅರ್ಥವಾಗಿರಲಿಲ್ಲ.

ವಸುಮತಿಬಾಯಿ, ನಾನು ಹಾಲು ಹೇಳಿದೆ, ಜೇನು ಹೇಳಿದೆ, ತುಪ್ಪ, ಸಕ್ಕರೆ ನೀರು ಎಲ್ಲ ಹೇಳಿದೆ. ತೀರ್ಥ ಹೇಳಲಿಲ್ಲ. ನನಗೂ ಹೊಳೆಯಲಿಲ್ಲ. ನಮಗೆ ಅದು ಬಾಯಿಗೆ ಹಾಕುವ ಪದಾರ್ಥವೇ ಅಲ್ಲವಲ್ಲ! ಏಕಾದಶಿಯ ದಿನ ಹನಿ ನೀರು ಕುಡಿಯದವರೂ ತೀರ್ಥ ತಗೊಳ್ಳುತ್ತೇವೆ, ಉಪವಾಸ ಮುರಿಯಿತು ಅನ್ನುತ್ತೇವೆಯೇ? ಕಾಶಿಯಲ್ಲಿ ಹುಟ್ಟಿದ ಕೂಸಿನ ಬಾಯಿಗೆ ಗಂಗೆ ಬೀಳದಿರುವುದು ಇವರ ಮನಸ್ಸಿಗೇ ಬರಲಿಲ್ಲ. ಹೊರಡುವವರ ಬಾಯಿಗೂ ಬಂದವರ ಬಾಯಿಗೂ ಹಾಕಿ ರೂಢಿಯಾದ ಕೈ. ಕೈ ತಾನೇ ಹೋಯಿತು.

ಮೇಲೆ ನಳಿಕೆ ಬಿಟ್ಟರು, ನಡುವೆ ನಿಂತಿತು. ಕ್ಷ-ಕಿರಣದಲ್ಲಿ ಬಲಗಡೆಯ ಶ್ವಾಸಕೋಶದ ಮೇಲೆ ಬಿಳಿಯ ಮಬ್ಬು. ನಂಜಾಗುತ್ತದೆ, ಔಷಧಿ ಕೊಟ್ಟು ಕಾಯಬೇಕು ಎಂದರು. ಕಾದೆವು. ಮಬ್ಬು ಸ್ವಲ್ಪ ಇಳಿಯಿತು, ಪೂರ್ತಿ ಇಳಿಯಲಿಲ್ಲ. ಇನ್ನೂ ಕಾದರೆ ಹೊಟ್ಟೆಯ ಹುಳಿ ಉಸಿರಿಗೆ ಹತ್ತಿ ಮತ್ತೆ ಹಾಳು ಮಾಡುತ್ತದಂತೆ. ನಿಗಮ್ ಮೇಡಂ ಬಂದು ನನ್ನೆದುರು ಸ್ಟೂಲಿನ ಮೇಲೆ ಕುಳಿತರು. "ಈ ಶ್ವಾಸಕೋಶವನ್ನು ನಾನು ಮುದುಡಿಸಲಾರೆ, ಮಾಜೀ. ನನ್ನ ದಾರಿ ಇವತ್ತು ಈ ಮಗುವಿಗೆ ದಾರಿಯಲ್ಲ. ತೆರೆದು ಮಾಡೋಣ. ಪಕ್ಕದಲ್ಲಿ ನಾನೂ ನಿಂತಿರುತ್ತೇನೆ."

ಹರ್ಷಿತಾಗೆ ಏಳಲಾಗುತ್ತಿರಲಿಲ್ಲ. ಅಳಿಯಂದಿರು ಒಪ್ಪಿಗೆಯ ಕಾಗದ ಹಿಡಿದು ನನ್ನ ಹತ್ತಿರ ಬಂದರು. "ಅತ್ತೀ, ಅವ್ವಗ ಏನಂತ ಹೇಳ್ಲಿ?" ಎಂದರು. ಮೊದಲು ಸಹಿ ಹಾಕಿ, ಅವ್ವನಿಗೆ ನಾನು ಹೇಳುತ್ತೇನೆ ಎಂದೆ. ಹೇಳಲಿಕ್ಕೆ ಇಷ್ಟು ದಿನ ಹಿಡಿಯಿತು.

ಹೆದರಿಕೆ ಎಂದು ಬರೆದಿದ್ದೀರಿ. ಹೆದರಿಕೆ ನನಗೆ ಹುಟ್ಟಿದಾಗಿನಿಂದ ಇದೆ. ಆದರೆ ಆ ದಿನ ನಾನು ಹೆದರಿ ದಾರಿ ಬದಲಿಸಲಿಲ್ಲ. ತೆರೆಯಿರಿ ಎಂದು ಬಾಯಿ ಬಿಟ್ಟು ಹೇಳಿದೆ. ಇನ್ನೊಮ್ಮೆ ಕೇಳಿದರೂ ಅದನ್ನೇ ಹೇಳುತ್ತೇನೆ.

ಕೂಸು ಈಗ ಮೂಗಿನ ನಳಿಕೆಯಿಂದ ಹರ್ಷಿತಾಳ ಹಾಲು ಕುಡಿಯುತ್ತಿದೆ. ಇವರು ಅವತ್ತಿನಿಂದ ಘಾಟಿಗೆ ಹೋಗಿಲ್ಲ. ಯಾತ್ರಿಕರು ಬಂದು ಬಾಗಿಲು ತಟ್ಟಿದರೆ ಬೇರೆ ಆಚಾರ್ಯರ ಮನೆ ತೋರಿಸುತ್ತಾರೆ. ದೇವರ ಪೂಜೆ ಮಾಡುತ್ತಾರೆ, ತೀರ್ಥ ಮಾತ್ರ ಯಾರ ಕೈಗೂ ಹಾಕುವುದಿಲ್ಲ. ಬಟ್ಟಲು ಇಟ್ಟು ಎದ್ದು ಹೋಗುತ್ತಾರೆ, ನಾವೇ ತಗೊಳ್ಳಬೇಕು. ಈಗ ನಗುವುದೂ ಇಲ್ಲ. ಅದಕ್ಕೇ ಮುಚ್ಚಿಟ್ಟೆ. ಬೈಯುವುದಿದ್ದರೆ ನನ್ನನ್ನು ಬೈಯಿರಿ, ಅವರಿಗೆ ಏನೂ ಬರೆಯಬೇಡಿ.

ಕಾತ್ಯಾಯನಿ


ಹುಬ್ಬಳ್ಳಿ
24 ಫೆಬ್ರವರಿ 2007

ಕಾತ್ಯಾಯನಿ,

ಇನ್ನು ಹೆಸರಿನ ಹಿಂದೆ ಬಾಯಿ ಗೀಯಿ ಬೇಡ. ನೀನು ನನಗಿಂತ ಚಿಕ್ಕವಳು, ತಂಗಿಯಂತೆ ಬರೆಯುತ್ತೇನೆ.

ನನ್ನ ಎರಡು ಬಾಣಂತನದ ಬಗ್ಗೆ ನೀನು ಕೇಳಿದ್ದೆ. ಮೊದಲನೆಯದು ಬಾಗಲಕೋಟೆಯಲ್ಲಿ, ನನ್ನ ತವರಿನಲ್ಲಿ. ಹೆಣ್ಣು. ತಲೆ ತುಂಬ ಕೂದಲು. ಬಾಯಲ್ಲಿ ನೊರೆ ಬರುತ್ತಿತ್ತು, ಒರೆಸಿದಷ್ಟೂ ಬರುತ್ತಿತ್ತು. ಎದೆಗೆ ಹಚ್ಚಿದರೆ ಎರಡು ಗುಟುಕು ಎಳೆದು ಕೆಮ್ಮಿ ನೀಲಿಯಾಗುತ್ತಿತ್ತು. ಹಸಿವಿಗೆ ಅಳುತ್ತಿತ್ತು, ಮತ್ತೆ ಹಚ್ಚುತ್ತಿದ್ದೆ. ಹಾಗೇ ಹೋಯಿತು. ಹೆಸರು ಇಡುವ ತನಕವೂ ಇರಲಿಲ್ಲ.

ನನ್ನ ಹಾಲೇ ನಂಜು ಎಂದರು. ಎಲ್ಲರೂ. ಯಾರೂ ಜಗಳ ಮಾಡಿ ಹೇಳಲಿಲ್ಲ, ಮೆಲ್ಲಗೆ ಹೇಳಿದರು. ಗುರುಕಿರಣ ಹುಟ್ಟಿದಾಗ ಅವನಿಗೆ ನನ್ನ ಹಾಲು ಮುಟ್ಟಿಸಲಿಲ್ಲ, ಆಕಳ ಹಾಲಿನಲ್ಲಿ ಬೆಳೆದ. ನಾನು ಬಚ್ಚಲಿನಲ್ಲಿ ನಿಂತು ಹಿಂಡಿ ಚೆಲ್ಲುತ್ತಿದ್ದೆ. ಈ ಮಾತು ಅವನಿಗೆ ಇಂದಿಗೂ ಗೊತ್ತಿಲ್ಲ.

ನಿನ್ನ ಡಿಸೆಂಬರದ ಕಾಗದದಲ್ಲಿ ನೊರೆ ಎಂದಿತ್ತು, ನೀಲಿ ಎಂದಿತ್ತು. ಅಡುಗೆಮನೆ ಬಾಗಿಲು ಹಾಕಿಕೊಂಡು ಅದನ್ನೇ ತಿರುಗಿ ತಿರುಗಿ ಓದಿದೆ. ನನ್ನ ಕೂಸಿಗೂ ಅದೇ ಇತ್ತೋ ಏನೋ, ಈಗ ಹೇಳುವವರು ಯಾರೂ ಇಲ್ಲ. ಆದರೆ ನನ್ನ ಹಾಲು ನಂಜಾಗಿರಲಿಲ್ಲ, ಅಲ್ಲವೇ? ಹಾಲು ಹೋಗಲು ದಾರಿಯಿರಲಿಲ್ಲ. ಇಷ್ಟು ತಿಳಿಯಲು ನನಗೆ ಅರವತ್ತು ದಾಟಬೇಕಾಯಿತು. ಅದಕ್ಕೇ ಉತ್ತರ ಬರೆಯಲಾಗಲಿಲ್ಲ. ನೀನು ಅದನ್ನು ಸಿಟ್ಟು ಎಂದುಕೊಂಡೆ. ನಾನು ನಿನ್ನ ಮೌನವನ್ನು ಹೆದರಿಕೆ ಎಂದುಕೊಂಡೆ.

ಭುಜದ ಮಾತು ಸುಳ್ಳಲ್ಲ. ಆದರೆ ಅದು ದೊಡ್ಡ ಕಾರಣವೂ ಆಗಿರಲಿಲ್ಲ. ಮತ್ತೊಂದು ಹೆಣ್ಣು ಕೂಸಿಗೆ ನೋವಾಗುವುದನ್ನು ನಾನು ಕಣ್ಣೆದುರು ತಂದುಕೊಳ್ಳಲಾರದೆ ಹೋದೆ. ನೀನು ತೆರೆಯಿರಿ ಎಂದೆ. ನಾನಾಗಿದ್ದರೆ ಅಂದಿನ ಹಾಗೆಯೇ ಅಳುತ್ತ ಕೂಡುತ್ತಿದ್ದೆ.

ಗೆರೆ ಬಿದ್ದದ್ದು ಬಿತ್ತು. ಇನ್ನು ಭುಜ ಇಳಿಯಲು ಬಿಡುವುದು ಬೇಡ. ದೊಡ್ಡ ಡಾಕ್ಟರನ್ನು ಕೇಳು. ಗಾಯ ಮಾಗಿದ ಮೇಲೆ ಬಲಗೈ ಮೇಲೆತ್ತುವ ಆಟ ಆಡಿಸಬಹುದೇ ಎಂದು. ನಮ್ಮ ರಾಯರಿಗೆ ಯಾರೂ ಅದನ್ನು ಮಾಡಿಸಲಿಲ್ಲ.

ಆಚಾರ್ಯರಿಗೆ ಬರೆಯಬೇಡ ಎಂದಿದ್ದೀ, ಬರೆಯುವುದಿಲ್ಲ. ನನ್ನ ಮಾತು ನೀನೇ ಮುಟ್ಟಿಸು. ಆ ಜೇನಿನ ಬಾಟಲಿ ಅಕ್ಕಿ ಡಬ್ಬಿಯಲ್ಲೇ ಇರಲಿ. ಡಾಕ್ಟರು ಕೊಡಬಹುದು ಎಂದ ದಿನ ಅದನ್ನು ತೆರೆಯಿರಿ. ಅದೇ ಉಂಗುರದಲ್ಲಿ, ಅವರ ಕೈಯಿಂದಲೇ ಮಗುವಿನ ಬಾಯಿಗೆ ಹೋಗಬೇಕು. ಬೇರೆಯವರ ಕೈಯಿಂದ ನಾನು ಒಪ್ಪುವುದಿಲ್ಲ.

ವಸುಮತಿ


ಕೇದಾರ ಘಾಟ್
9 ಸೆಪ್ಟೆಂಬರ್ 2007

ಅಕ್ಕಾ,

ಮತ್ತೆ ಆಸ್ಪತ್ರೆ. ಜೋಡಿಸಿದ ಜಾಗ ಬಿಗಿಯಾಗಿದೆಯಂತೆ. ನಮ್ಮ ಕೂಸು ಸಾತ್ವಿಕಾ ಕುಡಿದ ಹಾಲು ವಾಪಸು ಬರುತ್ತಿತ್ತು. ಅರಿವಳಿಕೆ ಕೊಟ್ಟು ಒಳಗಿನಿಂದ ಹಿಗ್ಗಿಸಿದರು. ಹಿಂದೊಮ್ಮೆ ಆಗಿತ್ತು, ಇನ್ನೂ ಬೇಕಾಗಬಹುದು. ತೂತಿನ ದಾರಿಯಾಗಿದ್ದರೆ ಹೀಗಾಗುತ್ತಿರಲಿಲ್ಲವೇ ಎಂದು ನಿಗಮ್ ಮೇಡಂ ಅವರನ್ನೇ ಕೇಳಿಬಿಟ್ಟೆ. "ಆಗುತ್ತಿತ್ತು, ಇಲ್ಲ, ಎರಡನ್ನೂ ಹೇಳಲಾರೆ. ಯಾವ ದಾರಿಯಲ್ಲಿ ಜೋಡಿಸಿದರೂ ಬಿಗಿಯಬಹುದು" ಎಂದರು. ಸುಳ್ಳು ಹೇಳಿ ಸಮಾಧಾನ ಮಾಡಲಿಲ್ಲ.

ಇದಕ್ಕೇ ತಾಯಿ ಮಗು ಇನ್ನೂ ಇಲ್ಲೇ. ಅಳಿಯಂದಿರು ಈ ಕಡೆಗೆ ವರ್ಗ ಕೇಳಿದ್ದಾರಂತೆ. ಮೊಮ್ಮಗಳನ್ನು ನಿಮ್ಮಿಂದ ದೂರ ಇಟ್ಟುಕೊಂಡಿದ್ದೇನೆ ಎಂದು ನನಗೆ ದಿನಾ ಚುಚ್ಚುತ್ತದೆ.

ಕೈ ಎತ್ತುವ ಆಟಕ್ಕೆ ದೊಡ್ಡ ಡಾಕ್ಟರು ಒಪ್ಪಿದ ಮೇಲೆ, ಹೋದ ತಿಂಗಳು, ನಿಮ್ಮ ಮಾತು ಇವರಿಗೆ ಮುಟ್ಟಿಸಿದೆ. ಕಾಗದವನ್ನೇ ಓದಿ ಹೇಳಿದೆ, ನಿಮ್ಮ ಮೊದಲ ಕೂಸಿನ ಭಾಗವನ್ನೂ. ಕೇಳಿದರು. "ನನ್ನ ಕೈಯಿಂದ ಬ್ಯಾಡ" ಎಂದರು. ಆದರೆ ಮರುದಿನ ದೇವರ ಕೋಣೆಯಲ್ಲಿ ಮೊಳೆ ಹೊಡೆಯುವ ಸದ್ದು. ಗಂಟೆಯನ್ನು ದಾರ ಕಟ್ಟಿ ಇಳಿಬಿಟ್ಟಿದ್ದಾರೆ. ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಲಗೈಯಿಂದಲೇ ಬಾರಿಸಲು ಕಲಿಸುತ್ತಿದ್ದಾರೆ. ಎಡಗೈ ಚಾಚಿದರೆ ಮೆಲ್ಲಗೆ ಹಿಡಿದುಕೊಳ್ಳುತ್ತಾರೆ. ಅವಳಿಗೆ ಕೈ ಸಿಕ್ಕಿತು ಎಂದು ಗೊತ್ತಾದ ಕೂಡಲೇ ದಾರವನ್ನು ಸ್ವಲ್ಪ ಮೇಲೆ ಎತ್ತಿ ಕಟ್ಟುತ್ತಾರೆ.

ಕಾತ್ಯಾಯನಿ


ಕೇದಾರ ಘಾಟ್
18 ಫೆಬ್ರವರಿ 2008

ಅಕ್ಕಾ,

ಇವತ್ತು ಜೇನಿನ ಬಾಟಲಿ ತೆರೆದೆವು.

ವರ್ಷ ತುಂಬಿದೆ, ನಾಳ ಬಿಡಿಸಿಕೊಂಡಿದೆ, ಈಗ ಕೊಡಬಹುದು ಎಂದು ಹೋದ ವಾರ ದೊಡ್ಡ ಡಾಕ್ಟರು ಹೇಳಿದರು. ನನಗೆ ನಂಬಿಕೆಯಾಗದೆ ನಿಗಮ್ ಮೇಡಂ ಅವರನ್ನೂ ಕೇಳಿದೆ. ಅವರು ನಕ್ಕು "ನನಗೂ ಒಂದು ಚಮಚ ಎತ್ತಿಡಿ" ಎಂದರು. ಸಾತ್ವಿಕಾಳ ಅಂಗಿ ತೆಗೆದು ಗೆರೆ ನೋಡಿದರು. ಕಂಕುಳ ಕೆಳಗಿನಿಂದ ಬೆನ್ನಿಗೆ ಒಂದು ಬೆಳ್ಳನೆ ದಾರದಂತೆ ಇದೆ. ಭುಜ ಸಮ ಇದೆ, ಬೆಳೆಯುವ ತನಕ ನೋಡುತ್ತಿರಿ ಎಂದರು. ಅಂದರೆ ಇನ್ನೂ ಎಷ್ಟೋ ವರ್ಷ ನನಗೆ ಚಿಂತೆಗೆ ಬರವಿಲ್ಲ.

ಅಕ್ಕಿ ಡಬ್ಬಿಯಿಂದ ತೆಗೆದಾಗ ಜೇನು ಹರಳುಗಟ್ಟಿತ್ತು. ಕೆಟ್ಟಿತೇ ಎಂದು ಹೆದರಿದೆ. ತಾರಾದೇವಿ ಬಿಸಿನೀರಿನಲ್ಲಿ ನಿಲ್ಲಿಸಿ ಕರಗಿಸಿ ಕೊಟ್ಟಳು. "ಈಗಲಾದರೂ ನನ್ನ ಕೈ ನೀರು ಮುಟ್ಟುತ್ತೀಯಲ್ಲ" ಎಂದು ಒಂದು ಮಾತು ಹಾಕಿಯೇ ಕೊಟ್ಟಳು.

ಇವರು ಬರಲೊಲ್ಲರು. ದೇವರ ಕೋಣೆಯ ಹೊಸ್ತಿಲಲ್ಲಿ ನಿಂತು "ನೀನ ಕೊಡು, ಕಾತ್ಯಾಯನೀ. ನನ್ನ ಕೈ ನಡಗ್ತದ" ಎಂದರು. ನಡುಗಲಿ, ಅಕ್ಕ ಬೇರೆ ಕೈ ಒಪ್ಪುವುದಿಲ್ಲ ಎಂದೆ. ಹರ್ಷಿತಾ ಮಗುವನ್ನು ಅವರ ತೊಡೆಯ ಮೇಲೆ ಕೂರಿಸಿಬಿಟ್ಟಳು.

ಉಂಗುರ ಅದ್ದಿ ನಾಲಿಗೆಗೆ ಮುಟ್ಟಿಸಿದರು. ಅವಳು ತುಟಿ ಚಪ್ಪರಿಸಿದಳು. ಗಂಟಲು ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು. ನಾನು ಅದನ್ನೇ ನೋಡುತ್ತಿದ್ದೆ. ಕೆಮ್ಮಲಿಲ್ಲ. ಇವರು ಇನ್ನೂ ಅವಳ ತುಟಿಯ ಬಣ್ಣ ನೋಡುತ್ತಲೇ ಇದ್ದರು.

ಆಮೇಲೆ ಅವಳು ಬಲಗೈ ಎತ್ತಿ ಅಜ್ಜನ ಬೆರಳು ಹಿಡಿದು ತನ್ನ ಬಾಯಿಗೆ ಎಳೆದುಕೊಂಡಳು. "ಔರ್" ಎಂದಳು. ನಿಮ್ಮ ಮೊಮ್ಮಗಳಿಗೆ ಇನ್ನೂ ಬೇಕು ಅನ್ನುವುದು ಮೊದಲು ಇಲ್ಲಿಯ ಗಲ್ಲಿಯ ಮಾತಿನಲ್ಲೇ ಬಂತು, ನಾವು ಕನ್ನಡದಲ್ಲಿ ಎಷ್ಟು ಹೇಳಿಕೊಟ್ಟರೂ.

ಇವರು ತಲೆಯೆತ್ತಿ ನನ್ನ ಕಡೆ ನೋಡಿದರು. ಮದುವೆಯಾದಾಗಿನಿಂದ ಯಾವುದಕ್ಕೂ ನನ್ನ ಒಪ್ಪಿಗೆ ಕೇಳಿದವರಲ್ಲ.

ಕೊಡಿ, ಎಂದೆ.

ನಿಮ್ಮ
ಕಾತ್ಯಾಯನಿ